ಒಂದೇ ದಾರದ ಎರಡು ಹಾಳೆ

ಜನವರಿ 4, 2026, ರವಿವಾರ. ಉಳಿದದ್ದು 64 ದಿನ

ಈ ವಹಿ ಅಂಗಡಿಯ ಅಳತೆ ಬರೆಯಲು ತಂದದ್ದು. ಇಂದಿನಿಂದ ಇದರಲ್ಲಿ ದಿನಗಳನ್ನು ಬರೆಯುತ್ತೇನೆ. ಒಂದೊಂದು ದಿನವನ್ನೂ ಬರೆದಿಡಿ, ಮುಂದೆ ಕೇಳುತ್ತಾರೆ ಎಂದು ವಿನ್ನಿಪೆಗ್‌ನ ವಕೀಲಬಾಯಿ ಹೇಳಿದ್ದಾರೆ. ಮನೆಯಲ್ಲಿ ಆಡುವುದು ಅರ್ಧ ದಖನಿ, ಅರ್ಧ ಕನ್ನಡ. ಬರೆಯಲು ಬರುವುದು ಮಾತ್ರ ಸರಕಾರಿ ಸಾಲೆಯ ಕನ್ನಡ. ಆದದ್ದಾಗಲಿ.

ಕೆನಡಾದ ಕಾಯಂ ನಿವಾಸಿ ಕಾರ್ಡು ಕಿಸೆಯಲ್ಲಿದೆ. ಅದರ ಮೇಲೆ 2028ರ ತನಕ ಎಂದು ಅಚ್ಚಾಗಿದೆ. ಆದರೆ ಕಾರ್ಡು ಹೇಳುವುದೊಂದು, ಕಾಯದೆ ಹೇಳುವುದೊಂದು. ಯಾವ ದಿನ ಲೆಕ್ಕ ಹಾಕಿದರೂ ಅದರ ಹಿಂದಿನ ಐದು ವರ್ಷಗಳಲ್ಲಿ 730 ದಿನ ಅಲ್ಲಿ ಇದ್ದಿರಬೇಕು. ಅಪ್ಪನಿಗೆ ಲಕ್ವಾ ಹೊಡೆಯಿತೆಂದು ನಾನು ಅಲ್ಲಿಯ ಬ್ರ್ಯಾಂಡನ್ ಊರಿನಿಂದ ಹೊರಟದ್ದು 2023ರ ಮಾರ್ಚ್ 10ಕ್ಕೆ. ಎರಡು ತಿಂಗಳಿಗೆಂದು ಬಂದವನು ಮೂರು ವರ್ಷ ಕೂತುಬಿಟ್ಟೆ. ಅಪ್ಪನನ್ನು ಎತ್ತಿ ಕೂರಿಸುವುದು, ಇಲ್ಲಿ ವಿಜಯಪುರದ ಅಥಣಿ ರಸ್ತೆಯ ಅವರ ವೆಲ್ಡಿಂಗ್ ಅಂಗಡಿ ನಡೆಸುವುದು, ತಿಕೋಟಾ ಕಡೆಯವರಿಗೆ ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ರ‍್ಯಾಕು ಮಾಡಿಕೊಡುವುದು. ಹೋದ ಬಕ್ರೀದ್ ಆದ ವಾರಕ್ಕೆ ಅಪ್ಪ ತೀರಿಕೊಂಡರು. ಈಗ ಮಾರ್ಚ್ 9ರೊಳಗೆ ಅಲ್ಲಿಯ ನೆಲ ಮುಟ್ಟದಿದ್ದರೆ 730 ಮುರಿಯುತ್ತದೆ. ಐದು ವರ್ಷ ಮೈನಸ್ ಮೂವತ್ತರ ಚಳಿಯಲ್ಲಿ ಟ್ರೇಲರ್ ಬೆಸೆದದ್ದು ನೀರಿನಲ್ಲಿ ಮಾಡಿದ ಹೋಮವಾಗುತ್ತದೆ.

ಹೋದ ಮೇಲೂ ಎರಡು ವರ್ಷ ಅಲ್ಲಿಂದ ಕದಲುವಂತಿಲ್ಲ. ಅಲ್ಲೇ ಇದ್ದುಕೊಂಡು ಹೆಂಡತಿ ಜೀನತಳನ್ನೂ ಮಗಳು ನಾಜಿಯಾಳನ್ನೂ ಸ್ಪಾನ್ಸರ್ ಮಾಡಬೇಕು. ಒಂದು ವರ್ಷ, ಒಂದೂವರೆ ವರ್ಷದಲ್ಲಿ ಇಬ್ಬರೂ ಬಂದುಬಿಡುತ್ತಾರೆ. ಲೆಕ್ಕ ಸರಿಯಾಗಿದೆ.

ಜೀನತ ಮಾತ್ರ ಏನೂ ಕೇಳುವುದಿಲ್ಲ. ಬೇರೆಯವರ ಹೆಂಡಂದಿರು ಅಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಚಳಿ ಎಷ್ಟು, ಹಲಾಲ್ ಮಾಂಸ ಸಿಗುತ್ತದೆಯೇ ಎಂದು ತಲೆ ತಿನ್ನುತ್ತಾರಂತೆ. ಇವಳು ಇಷ್ಟು ವರ್ಷಗಳಲ್ಲಿ ಒಂದು ದಿನವಾದರೂ ಅಲ್ಲಿ ಥಂಡಿ ಎಷ್ಟಿರುತ್ತದೆ ಎಂದು ಕೇಳಿಲ್ಲ. ಆಸಕ್ತಿಯೇ ಇಲ್ಲ.

ಜನವರಿ 9, ಶುಕ್ರವಾರ. 59 ದಿನ

ವಕೀಲಬಾಯಿಯ ಜೊತೆ ವಿಡಿಯೋದಲ್ಲಿ ಮಾತಾಯಿತು. ಪಂಜಾಬಿ ಹೆಣ್ಣುಮಗಳು, ಹಿಂದಿಯಲ್ಲೇ ಮಾತಾಡುತ್ತಾರೆ. ನನ್ನ ದಿನಗಳ ಲೆಕ್ಕ ನೋಡಿ ಸರಿ ಅಂದರು. ಆಮೇಲೆ ನಿಕಾನಾಮಾ ನೋಡಿದರು. 17 ಡಿಸೆಂಬರ್ 2017. ಅಲ್ಲಿಗೆ ಕನ್ನಡಕ ತೆಗೆದರು.

"ನೀವು ಕೆನಡಾಕ್ಕೆ ಕಾಯಂ ನಿವಾಸಿಯಾಗಿ ಇಳಿದದ್ದು 2018ರ ಆಗಸ್ಟ್. ಅವತ್ತಿನ ಫಾರ್ಮಿನಲ್ಲಿ ಮದುವೆಯಾಗಿಲ್ಲ ಎಂದು ಗುರುತು ಹಾಕಿದ್ದೀರಿ."

ನಿಕಾ ಆಗಿತ್ತು, ರುಕ್ಸತ್ ಆಗಿರಲಿಲ್ಲ ಎಂದೆ. ಅವರಿಗೆ ತಿಳಿಯಲಿಲ್ಲ. ತಿಳಿಸಿ ಹೇಳಿದೆ. ನನ್ನ ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ನಿಕಾ ನೋಡಬೇಕು ಅಂದಳು. ತಿಕೋಟಾದಲ್ಲಿ ಮಾವನ ಅಂಗಳದಲ್ಲಿ ಹತ್ತು ಮಂದಿಯ ಎದುರು ನಿಕಾ ಓದಿಸಿದರು. ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ರುಕ್ಸತ್ ಆದದ್ದು 2021ರ ಫೆಬ್ರುವರಿಯಲ್ಲಿ, ನಾನು ಮೂರು ವಾರದ ರಜೆಗೆ ಬಂದಾಗ. ನಮ್ಮಲ್ಲಿ ರುಕ್ಸತ್ ಆಗುವ ತನಕ ಆಕೆ ತವರಿನ ಹುಡುಗಿಯೇ. ಯಾರೂ ಮದುವೆಯಾಯಿತು ಎನ್ನುವುದಿಲ್ಲ.

"ಕಾಯದೆ ಅನ್ನುತ್ತದೆ" ಎಂದರು ವಕೀಲಬಾಯಿ. ಇಳಿದ ದಿನ ಹೆಂಡತಿ ಇದ್ದು, ಆಕೆಯ ಹೆಸರು ಹೇಳದೆ, ಆಕೆಯ ವೈದ್ಯಕೀಯ ತಪಾಸಣೆ ಮಾಡಿಸದೆ ಹೋಗಿದ್ದರೆ ಮುಂದೆ ಆಕೆಯನ್ನು ಸಾಮಾನ್ಯ ದಾರಿಯಲ್ಲಿ ಎಂದಿಗೂ ಸ್ಪಾನ್ಸರ್ ಮಾಡುವಂತಿಲ್ಲ. ಆಮೇಲೆ ಹುಟ್ಟಿದ ನಾಜಿಯಾ ಬರಬಹುದು, ತಾಯಿ ಬರುವಂತಿಲ್ಲ. ದಯೆ ತೋರಿ ಎಂದು ಬೇರೆ ಅರ್ಜಿ ಹಾಕಬಹುದು, ಕೊಟ್ಟರೆ ಕೊಟ್ಟರು. ಆ ಗುರುತು ಹಾಕಿದ್ದೇಕೆ ಎಂದು ಕೆದಕಿದರೆ ನನ್ನ ಕಾರ್ಡಿಗೇ ಕುತ್ತು ಬರಬಹುದು.

ಅಡುಗೆಮನೆಗೆ ಹೋಗಿ ಅಮ್ಮನ ಮೇಲೆ ಹಾರಾಡಿದೆ. ಫಾರ್ಮು ತುಂಬುವ ದಿನ ನಾನು ಕೇಳಿದ್ದು ಇವಳನ್ನೇ.

"ನೀನಽ ಹೇಳಿದ್ದಿ ಬೇ, ಮದವಿ ಆಗಿಲ್ಲಂತ ಬರಿ ಅಂತ!"

"ಹೌದಲ್ಲೋ! ರುಕ್ಸತ್ ಆಗದ ಮದವಿ ಎಲ್ಲಿ ಆತು? ಊರ ಮಂದೀನ್ನ ಕೇಳು ಹೋಗು" ಎಂದು ಅಮ್ಮ ಲಟ್ಟಣಿಗೆ ಹಿಡಿದೇ ತಿರುಗಿದಳು. ಅವಳ ಹೆಸರು ಹುಸೇನಬಿ. ಸೋತದ್ದು ನಾನು ಕಂಡಿಲ್ಲ.

ಜನವರಿ 12, ಸೋಮವಾರ. 56 ದಿನ

ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಸಂಕಟ ಬಂದಾಗ ಅತೀಕ. ಪಾಸ್‌ಪೋರ್ಟು, ವೀಸಾ, ಉಮ್ರಾ ಎಲ್ಲ ಅವನ ಒಂದೇ ಕುರ್ಚಿಯ ಅಂಗಡಿಯಲ್ಲಿ. ಪೂರ್ತಿ ಕೇಳಿಸಿಕೊಂಡು ನಕ್ಕ.

"ಇಷ್ಟಽ ಏನ್ ಭಾಯಿ? ನಿಕಾನಾಮಾ ಹೊಸಾದು ಮಾಡಸ್ರಿ. ರುಕ್ಸತ್ ಆದ ದಿನಾನಽ ನಿಕಾ ಆತು ಅಂತ ಬರಸ್ರಿ. 2021 ಅಂದ್ರ ನೀವು ಅಲ್ಲಿ ಇಳದ ಮ್ಯಾಲಿಂದು. ಕತಿ ಮುಗೀತು."

"ಸುಳ್ಳು ಆಗ್ತದಲ್ಲೋ."

"ನೀವು ವೆಲ್ಡಿಂಗ್ ಕೆಟ್ಟಲ್ಲಿ ಗ್ರೈಂಡರ್ ಹೊಡದು ಬಣ್ಣ ಹಚ್ಚೂದಿಲ್ಲೇನು? ಹಂಗಽ."

ಹಚ್ಚುತ್ತೇನೆ. ಹಚ್ಚದ ವೆಲ್ಡರ್ ಇಲ್ಲ. ಆದರೆ ಭಾರ ಹೊರುವ ಜಾಗಕ್ಕೆ ಹಚ್ಚುವುದಿಲ್ಲ. ಅದನ್ನು ಅತೀಕನಿಗೆ ಹೇಳಲಿಲ್ಲ.

ಸ್ಪಾನ್ಸರ್ ಫಾರ್ಮು ಅಲ್ಲೇ ಕೂತು ತುಂಬಿದೆ. ಒಂದು ಕಡೆ ಮಕ್ಕಳೆಲ್ಲರ ಹೆಸರು ಬರೆಯಿರಿ, ತೀರಿಹೋದವರದ್ದೂ ಎಂದಿದೆ. ನಾಜಿಯಾ ಎಂದು ಬರೆದೆ, ನಾಲ್ಕು ವರ್ಷ. 2020ರ ಆ ವಿಷಯದಲ್ಲಿ ಬರೆಯಲು ಏನಿದೆ? ಒಂದೂವರೆ ದಿನ. ಕಾಗದ ಇಲ್ಲ, ಹೆಸರೂ ಇಲ್ಲ. ಮೇಲಾಗಿ ಅತೀಕ ಹೇಳಿದ್ದಾನೆ, 2021ರ ಹಿಂದೆ ಏನೂ ಇರಬಾರದು ಎಂದು.

ಜನವರಿ 13, ಮಂಗಳವಾರ. 55 ದಿನ

ಮಾರ್ಚ್ 6ಕ್ಕೆ ಹೈದರಾಬಾದಿನಿಂದ ಟಿಕೆಟ್ ತೆಗೆಸಿದೆ. ಅಮ್ಮ ಇನ್ನೂ ಮಾತಾಡುತ್ತಿಲ್ಲ. ರೊಟ್ಟಿ ಮಾತ್ರ ಎಂದಿಗಿಂತ ತೆಳ್ಳಗೆ ಬಡಿದಿದ್ದಾಳೆ.

ಜನವರಿ 25, ರವಿವಾರ. ತಿಕೋಟಾ. 43 ದಿನ

ಸುಗ್ಗಿ ಶುರುವಾದ ಮೇಲೆ ಜೀನತ ನಾಜಿಯಾಳನ್ನು ಕರೆದುಕೊಂಡು ಇಲ್ಲೇ ತವರಿನಲ್ಲಿ ಇರುತ್ತಾಳೆ. ಮಾವ ರಸೂಲಸಾಬರ ಎರಡು ಎಕರೆ ದ್ರಾಕ್ಷಿ, ಊರ ಹೊರಗೆ ಮಣೂಕದ ಶೆಡ್ಡು. ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನಾನೇ ಮಾಡಿದ ರ‍್ಯಾಕಿನ ಬಲೆಗಳ ಮೇಲೆ ಹರವಿದ್ದಾರೆ. ಹನ್ನೆರಡು ಹದಿಮೂರು ದಿನಕ್ಕೆ ಒಣಗುತ್ತದೆ. ಒಣಗಿತೋ ಇಲ್ಲವೋ ಎಂದು ಹೇಳುವವಳು ಜೀನತ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕುತ್ತಾಳೆ. ಮುಷ್ಟಿ ಬಿಚ್ಚಿದಾಗ ಮಣೂಕ ಬಿಡಿಬಿಡಿಯಾಗಿ ಬಿದ್ದರೆ ಒಣಗಿದೆ, ಮುದ್ದೆಯಾದರೆ ಇನ್ನೂ ಹಸಿ. ಮಾವ ಕೂಡ ಅವಳ ಮುಷ್ಟಿ ನೋಡಿಯೇ ಕೂಲಿಯವರನ್ನು ಕರೆಯುತ್ತಾರೆ.

ಅವಳು ರ‍್ಯಾಕಿನ ಆ ಕಡೆ, ನಾನು ಈ ಕಡೆ. ಬಲೆಯ ಸಂದಿನಿಂದಲೇ ಎಲ್ಲ ಹೇಳಿದೆ. ಕಾಯದೆ, ಅತೀಕನ ಉಪಾಯ, ಹೊಸ ನಿಕಾನಾಮಾ. ಅವಳ ಸಹಿ ಬೇಕಾಗುತ್ತದೆ ಎಂದೂ ಹೇಳಿದೆ.

ಅವಳು ಒಂದು ಹಿಡಿ ಮಣೂಕ ತೆಗೆದುಕೊಂಡು ಹಿಸುಕಿದಳು. ಬಹಳ ಹೊತ್ತು ಹಿಸುಕಿದಳು.

"ಇನ್ನೂ ಎರಡ ದಿನ ಬೇಕ್ರಿ" ಎಂದಳು.

"ಸಹಿ ಮಾಡಾಕೇನು?"

"ಮಣೂಕಕ್ಕ."

ಅಷ್ಟೇ. ಬೇಡ ಅನ್ನಲಿಲ್ಲ. ಮೌನ ಸಮ್ಮತಿ ಲಕ್ಷಣ ಎಂದು ನಮ್ಮ ಸಾಲೆಯ ಮಾಸ್ತರರು ಹೇಳುತ್ತಿದ್ದರು.

ಫೆಬ್ರುವರಿ 3, ಮಂಗಳವಾರ. ತಿಕೋಟಾ. 34 ದಿನ

ಇಂದು ಶಬ್-ಎ-ಬರಾತ್. ಮುಂಜಾನೆಯೇ ಎಲ್ಲರೂ ಕಬರಸ್ತಾನದಲ್ಲಿ. ತಮ್ಮ ತಮ್ಮ ಹಿರಿಯರ ಗೋರಿಯ ಹುಲ್ಲು ಕಿತ್ತು, ಮಣ್ಣು ಏರಿಸಿ, ಸುಣ್ಣ ಹೊಡೆಯುತ್ತಾರೆ. ನನ್ನ ಅಪ್ಪನ ಗೋರಿ ವಿಜಯಪುರದಲ್ಲಿ, ಅದನ್ನು ನಿನ್ನೆಯೇ ಮುಗಿಸಿದ್ದೆ. ಮಾವನ ಕೈಗೆ ನೆರವಾಗಲೆಂದು ಇಲ್ಲಿಗೆ ಬಂದೆ. ಹೊರಡುವಾಗ ಜೀನತ ಅವರ ಕೈಗೆ ಬಟ್ಟೆಯಲ್ಲಿ ಕಟ್ಟಿದ ಹೂ ಕೊಟ್ಟಳು.

ಮಾವ ತಮ್ಮ ತಂದೆ-ತಾಯಿಯ ಗೋರಿ ಮುಗಿಸಿದರು. ಆಮೇಲೆ ಗೋಡೆಯ ಬದಿಗೆ ಬೇವಿನ ಗಿಡದ ಕೆಳಗೆ ಹೋಗಿ ಕೂತರು. ಅಲ್ಲೊಂದು ಗೇಣುದ್ದದ ದಿಬ್ಬ. ಸುತ್ತ ನಾಲ್ಕು ಕಲ್ಲು. ಮಾವ ಬೆರಳಿನಿಂದಲೇ ಹುಲ್ಲು ಕಿತ್ತರು. ಹಸಿ ಮಣ್ಣು ಹಚ್ಚಿ ಅಂಗೈಯಿಂದ ಸವರಿದರು.

"ಇದು ಯಾರದು ಮಾಮಾ?" ಎಂದು ಕೇಳಿದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ನಿಮ್ದಽ" ಎಂದರು. ತಂಬಿಗೆಯ ನೀರು ಹಾಕುತ್ತ ಮುಂದುವರಿದರು.

ಸಿಟ್ಟು ಬಂದದ್ದು ನನಗೆ. ಮೊದಲೇ ಹೇಳಬಾರದಿತ್ತೇ? ಐದು ವರ್ಷವಾಯಿತು, ನಾಲ್ಕು ಮಂದಿಯ ಎದುರು ಮುಖ ಸಣ್ಣದು ಮಾಡಬೇಕಿತ್ತೇ? ಅದು ಎಲ್ಲಿದೆ ಎಂದು ನನಗೆ ಹೇಗೆ ಗೊತ್ತಿರಬೇಕು? 2020ರ ಜನವರಿಯಲ್ಲಿ ರಜೆಗೆ ಬಂದು ಇವರ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಿದ್ದೆ. ಲಾಕ್‌ಡೌನ್ ಆಗಿ ರುಕ್ಸತ್ ಮುಂದೆ ಹೋಯಿತು, ವಿಮಾನ ಇರಲಿಲ್ಲ, ನಾನು ಅಲ್ಲಿದ್ದೆ. ಯಾರಾದರೂ ತೋರಿಸಿದ್ದರೆ ನೋಡುತ್ತಿದ್ದೆ. ಬಟ್ಟೆಯ ಗಂಟು ಬಿಚ್ಚಿ ಹೂ ಹಾಕಿದವರೂ ಮಾವನೇ. ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಫೆಬ್ರುವರಿ 8, ರವಿವಾರ. 29 ದಿನ

ಬಬಲೇಶ್ವರಕ್ಕೆ ಹೋಗಿ ಬಂದೆ. ತಿಕೋಟಾದ ಮಸೂತಿಯ ಜಮಾತಿನ ವಹಿ ಬರೆಯುತ್ತಿದ್ದ ಲಾಡಲೇಸಾಬ ಮಾಸ್ತರರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಹೊಸ ವಹಿ ಮಸೂತಿಯಲ್ಲಿದೆ, ಹಳೆಯದು ಅವರ ಹತ್ತಿರ. ಹಳೆಯ ಹಾಳೆ ಇರುವ ತನಕ ಹೊಸ ನಿಕಾನಾಮಾಕ್ಕೆ ಬೆಲೆ ಇಲ್ಲ, ಅದನ್ನು ಮೊದಲು ನೋಡಿಕೊಳ್ಳಿ ಎಂದು ಅತೀಕ ಹೇಳಿದ್ದ. ಜೈನಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅರ್ಧ ತಾಸು ತೆವಳಿದೆ. ಆಗಲೇ ತಿರುಗಿಬಿಡಬೇಕಿತ್ತು.

ಮಾಸ್ತರರಿಗೆ ಕಣ್ಣಿಗೆ ಪೊರೆ. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಬೈಯಲಿಲ್ಲ. ಟ್ರಂಕಿನಿಂದ ವಹಿ ತರಿಸಿ ನನ್ನ ತೊಡೆಯ ಮೇಲೆ ಇಟ್ಟರು.

"ನನಗ ಕಾಣಂಗಿಲ್ಲಪ್ಪ. ನೀನಽ ತಗದು ನೋಡು. ಮುಂದಿಂದ ನಿಕಾ ಬರದೇನಿ, ಹಿಂದಿಂದ ಮಯ್ಯತ್, ಸತ್ತವರ ಹೆಸರ ಬರದೇನಿ. ಬಡ ಜಮಾತು, ಎರಡು ವಹಿ ಎಲ್ಲಿಂದ ತರೂದು? ಎರಡೂ ನಡುವ ಬಂದು ಮುಟ್ಟಿದ ದಿನ ವಹಿ ಮುಗೀತು."

ನಮ್ಮ ನಿಕಾದ ಹಾಳೆ ಸಿಕ್ಕಿತು. ಶಾಹಿದ ಎಂದು ನನ್ನ ಸಹಿ, ಜೀನತಳ ಸಹಿ, ಮಾವ, ಅಪ್ಪ. ಅಪ್ಪನ ಸಹಿಯ ಮೇಲೆ ಬೆರಳಾಡಿಸಿದೆ. ಆದರೂ ಕೇಳಿದೆ, ಈ ಹಾಳೆ ಇಲ್ಲದಂತೆ ಮಾಡಲು ಆಗುತ್ತದೆಯೇ ಎಂದು.

"ಹರಿ" ಎಂದರು ಮಾಸ್ತರರು. "ನಾ ಮುದಕ, ನಿನ್ನ ಕೈ ಹಿಡೀಲಾರೆ. ಆದ್ರ ಅದು ದಾರದ ಹೊಲಿಗಿ ವಹಿ, ನೆಪ್ಪಿಟ್ಟಿರು. ಒಂದಽ ಕಾಗದ ನಡುವ ಮಡಚಿ ಎರಡು ಹಾಳಿ ಮಾಡ್ಯಾರ. ಈ ಕಡೆ ಹಾಳಿ ಹರದ್ರ ಆ ಕಡೀದೂ ಉಚ್ಚಿ ಬರ್ತದ. ಅದರಾಗ ಯಾರದಾರ ಅಂತ ಮೊದಲ ಓದಿ ಹರಿ."

ಹೊಲಿಗೆ ಹಿಡಿದು ಹಿಂದಿನ ಜೋಡಿ ಹಾಳೆ ತೆಗೆದೆ. 2020ರ ಹಾಳೆ, ಆ ವರ್ಷ ಹಿಂದಿನಿಂದ ಹಾಳೆಗಳು ಬೇಗ ತುಂಬಿದ್ದವು. ಕೆಳಗಿನಿಂದ ಮೂರನೆಯ ಸಾಲು:

24-10-2020. ಅಕೀಬ ವಲದ ಶಾಹಿದ. ವಯಸ್ಸು ಒಂದೂವರೆ ದಿನ. ದಫನ್ ತಿಕೋಟಾ. ಎತ್ತಿಕೊಂಡು ಬಂದವರು ರಸೂಲಸಾಬ, ಅಜ್ಜ.

ಅಕೀಬ, ಶಾಹಿದನ ಮಗ. ಹೆಸರಿತ್ತು.

"ಸಿಕ್ತೇನು?" ಎಂದರು ಮಾಸ್ತರರು.

ಸಿಕ್ಕಿತು ಎಂದು ಹೇಳಿ ವಹಿ ಮುಚ್ಚಿ ಅವರ ಕೈಗೇ ಕೊಟ್ಟೆ. ಚಹಾ ಕುಡಿಯದೆ ಹೊರಟದ್ದಕ್ಕೆ ಅವರ ಮಗಳು ಬೇಸರ ಮಾಡಿಕೊಂಡಳು.

ಫೆಬ್ರುವರಿ 10, ಮಂಗಳವಾರ

ಬಿಜ್ಜರಗಿಯಲ್ಲಿ ಒಂದು ಶೆಡ್ಡಿನ ರ‍್ಯಾಕು ಬೆಸೆಯುವುದಿತ್ತು. ಮೂರು ಸಲ ಬೆಸೆದೆ, ಮೂರು ಸಲವೂ ಓರೆಯಾಯಿತು. ತೋಟದ ಯಜಮಾನ ಶಾಂತಪ್ಪ, "ಏನ್ರಿ ಶಾಹಿದಭಾಯಿ, ಕಣ್ಣ ಕೆನಡಾಕ್ಕ ಮೊದಲಽ ಹ್ವಾದ್ವೇನು?" ಎಂದು ನಕ್ಕ. ಕಿತ್ತು ಹಾಕಿ ನಾಳೆ ಬರುತ್ತೇನೆ ಎಂದೆ. ಗ್ರೈಂಡರ್ ಹೊಡೆಯಲಿಲ್ಲ.

ಫೆಬ್ರುವರಿ 15, ರವಿವಾರ. ತಿಕೋಟಾ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಮಧ್ಯಾಹ್ನ ಕೂಲಿಯವರು ಉಣ್ಣಲು ಹೋದಾಗ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ನಾಜಿಯಾ ತಳದ ಬಲೆಯ ಕೆಳಗೆ ಮಲಗಿದ್ದಳು. ನಾನು ಕೇಳಿದೆ:

"ಅಕೀಬ ಅಂತ ಯಾರು ಹೆಸರಿಟ್ರು?"

ಜೀನತಳ ಕೈಯಲ್ಲಿದ್ದ ಜರಡಿ ನಿಂತಿತು.

"ನಾನಽ ಇಟ್ಟೆ."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?"

ಇಲ್ಲ. ಕೇಳಿರಲಿಲ್ಲ. ಆದರೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅವತ್ತು ಫೋನ್ ಮಾಡಿದಾಗಲಾದರೂ ಹೇಳಬಹುದಿತ್ತು ಎಂದೆ.

"ಅವತ್ತು?" ಎಂದಳು. ಜರಡಿ ಕೆಳಗಿಟ್ಟಳು. "ಅವತ್ತು ನಾ ಏನಂದೆ, ನೀವು ಏನಂದ್ರಿ, ನೆನಪೈತೇನ್ರಿ? ಕೂಸು ಹೋತ್ರಿ ಅಂದೆ. ನೀವು ಇಲ್ಲಿ ಥಂಡಿ ಬಾಳ ಐತಿ, ಬಯಲಾಗ ನಿಂತೇನಿ, ಸಬರ್ ಮಾಡು, ಆಮ್ಯಾಲ ಮಾತಾಡೂಣು ಅಂದ್ರಿ. ಹೆಸರು ಹೇಳಬೇಕಂತ ಬಾಯಿ ತಗದಿದ್ದೆ. ಫೋನ್ ಇಟ್ಟಿದ್ರಿ. ಐದು ವರ್ಷಾತು, ಆ ಆಮ್ಯಾಲ ಇನ್ನಾ ಬಂದಿಲ್ಲ."

ನೆನಪಿದೆ. ಕಾರ್ಖಾನೆಯ ಅಂಗಳ, ಮೊದಲ ಹಿಮ. ಒಳಗೆ ಹೋಗಿ ಮಾತಾಡಬಹುದಿತ್ತು. ಥಂಡಿ ಇತ್ತು, ಅದು ಸುಳ್ಳಲ್ಲ. ಆದರೆ ನನಗೆ ಅಳು ಬರುತ್ತಿತ್ತು, ಪಕ್ಕದಲ್ಲಿ ನಾಲ್ಕು ಮಂದಿ ಇದ್ದರು, ಅದಕ್ಕೆ ಥಂಡಿಯ ನೆಪ ಹೇಳಿದೆ. ಮರುದಿನ ಫೋನ್ ಮಾಡಿದೆ. ರುಕ್ಸತ್ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದೆ. ನೋವಿನ ಮೇಲೆ ನೋವು ಎತ್ತಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

"ಈಗ ನಿಕಾ 2021ಕ್ಕ ಆತು ಅಂತ ಬರಸ್ತೀರಿ" ಎಂದಳು. ದನಿ ಏರಿಸಲಿಲ್ಲ, ಮಗು ಮಲಗಿತ್ತು. "ಹಂಗಾರ 2020ಕ್ಕ ಹುಟ್ಟಿದಾಂವ ಯಾರ್ರಿ? ನಿಕಾ ಇಲ್ಲದ ಹುಟ್ಟಿದ ಕೂಸಿಗೆ ಮಂದಿ ಏನಂತಾರ, ನಿಮ್ಮ ಬಾಯಿಲೇ ಹೇಳ್ರಿ, ಕೇಳ್ತೀನಿ. ಒಂದೂವರಿ ದಿನ ಇದ್ದ ನನ್ನ ಮಗ. ನಿಕಾ ಆದ ತಾಯಿ ಹೊಟ್ಯಾಗ ಹುಟ್ಟಿದ, ಅಪ್ಪನ ಹೆಸರ ಕಟಗೊಂಡು ಮಣ್ಣಿಗೆ ಹ್ವಾದ. ಅವನ ಹತ್ರ ಅದೊಂದಽ ಐತಿ. ಅದನ್ನೂ ಕಸಗೋತೀರೇನು? ನಾ ಸಹಿ ಮಾಡಂಗಿಲ್ಲ. ಕೆನಡಾ ಅಲ್ಲ, ಜನ್ನತ್‌ಗೆ ಕರೀರಿ, ಮಾಡಂಗಿಲ್ಲ."

ಆಮೇಲೆ ಜರಡಿ ತೆಗೆದುಕೊಂಡಳು. ನಾನೂ ಇನ್ನೊಂದು ಜರಡಿ ತೆಗೆದುಕೊಂಡು ಕೂತೆ. ಕೂಲಿಯವರು ಬರುವ ತನಕ ಇಬ್ಬರೂ ಮಣೂಕ ಜರಡಿ ಹಿಡಿದೆವು. ನನಗೆ ಸರಿಯಾಗಿ ಬರುವುದಿಲ್ಲ. ಅವಳು ತಿದ್ದಲಿಲ್ಲ, ಎಬ್ಬಿಸಲೂ ಇಲ್ಲ.

ಫೆಬ್ರುವರಿ 19, ಗುರುವಾರ

ರಂಜಾನಿನ ಮೊದಲ ರೋಜಾ. ಅತೀಕ ಫೋನ್ ಮಾಡಿದ್ದ. ಬೇಡ ಎಂದೆ. "ನಿಮ್ಮ ಕೈಯಾರೆ ನೀವಽ ಕುತ್ತಿಗಿ ಕೊಯ್ಕೊಳ್ಳಾಕತ್ತೀರಿ ಭಾಯಿ. ಹೋಗೂದಾದ್ರ ಕೇಳಿದಷ್ಟಕ್ಕಽ ಉತ್ತರಾ ಕೊಡ್ರಿ, ಮದವಿ ಮಾತು ತಗೀಬ್ಯಾಡ್ರಿ" ಎಂದ. ಪಾಪ, ನನ್ನ ಒಳ್ಳೆಯದಕ್ಕೇ ಹೇಳುತ್ತಾನೆ.

ವಕೀಲಬಾಯಿಗೆ ಮೇಲ್ ಬರೆದೆ, ಇದ್ದದ್ದು ಇದ್ದಂತೆ. ದಯೆಯ ಅರ್ಜಿಯೇ ಇರಲಿ ಎಂದು. "ಇದು ಕಠಿಣ ದಾರಿ. ಗೆದ್ದವರನ್ನು ಕಂಡಿದ್ದೇನೆ, ಸೋತವರನ್ನೂ ಕಂಡಿದ್ದೇನೆ. ನಿಮ್ಮ ಪದ್ಧತಿಗೆ ಸಾಕ್ಷಿ ಬೇಕು" ಎಂದು ಉತ್ತರ ಬಂತು. ಸೋತರೆ ನನ್ನ ಕಾರ್ಡೂ ಹೋಗಬಹುದು ಎಂದು ಮತ್ತೊಮ್ಮೆ ಬರೆದಿದ್ದಾರೆ. ಹೆದರಿಕೆಯಾಗುತ್ತಿದೆ.

ಅಮ್ಮನಿಗೆ ಹೇಳಿದೆ.

"ನಾನಽ ಹೇಳಿದ್ದು ಅಂತ ಬರೀಲೇ ಶಾಹಿದಾ. ಆ ಮುದುಕಿಗೆ ತಿಳೀಲಿಲ್ಲ ಅಂತ ಬರಿ. ಹೆಬ್ಬಟ್ಟ ಒತ್ತತೀನಿ" ಎಂದಳು. ಹುಸೇನಬಿ ಸೋತದ್ದನ್ನು ಇವತ್ತು ಕಂಡೆ. ಕಾಣಬಾರದಿತ್ತು.

ಫೆಬ್ರುವರಿ 24, ಮಂಗಳವಾರ

ಮತ್ತೆ ಬಬಲೇಶ್ವರ. ಜೀನತ ತಾನೂ ಬರುತ್ತೇನೆ ಎಂದು ಗಾಡಿಯ ಹಿಂದೆ ಕೂತಳು. ವಹಿ ಬಿಚ್ಚಿ ಎರಡೂ ಹಾಳೆಗಳ ಫೋಟೋ ತೆಗೆದೆ. ಇವು ನನ್ನ ಕೈಬರಹ ಎಂದು ಮಾಸ್ತರರು ತಡಕಾಡಿ ಸಹಿ ಮಾಡಿದರು, ಸಿಕ್ಕಾ ಒತ್ತಿದರು. ರುಕ್ಸತ್ ಅಂದರೇನು ಎಂದು ಒಂದು ಪುಟ ಹೇಳಿ ಬರೆಸಿದರು. ಜೀನತ ಹಿಂದಿನ ಹಾಳೆಯ ಆ ಸಾಲನ್ನು ತಾನೇ ಓದಿದಳು. ಅವಳಿಗೂ ಇದೇ ಮೊದಲ ಸಲ. ಅಕ್ಷರ ಚಲೋ ಅವ ಎಂದಳು.

ಸಂಜೆ ಫಾರ್ಮು ಹೊಸದಾಗಿ ತುಂಬಿದೆ. ಮದುವೆಯ ದಿನಾಂಕ 17-12-2017. ಮಕ್ಕಳು ಎಂಬಲ್ಲಿ ಮೊದಲು ಅಕೀಬ, ಆಮೇಲೆ ನಾಜಿಯಾ. ಅಕೀಬ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಜೀನತಳನ್ನು ಕೇಳಿದೆ. ಅಕ್ಟೋಬರ್ 22, ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಎಡಗಿವಿ ನನ್ನದರಂತೆ ಮಡಚಿಕೊಂಡಿತ್ತಂತೆ.

ಮಾರ್ಚ್ 4, ಬುಧವಾರ

ನಾಳೆ ಸಂಜೆ ಹೈದರಾಬಾದಿಗೆ ಬಸ್ಸು. ಮುಂಜಾನೆ ತಿಕೋಟಾಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಕೂತು ಬಂದೆ. ಮಾವ ತಂಬಿಗೆ ಕೊಟ್ಟರು. ಈ ಸಲ ನನ್ನ ಕೈಗೆ.

ಅಮ್ಮ, ಜೀನತ, ನಾಜಿಯಾ ಮೂವರೂ ನನ್ನ ಪೆಟ್ಟಿಗೆಯ ಸುತ್ತ ಕೂತಿದ್ದಾರೆ. ಜೀನತ ಹೊಸ ಮಣೂಕ ಕಟ್ಟಿದ್ದಾಳೆ. ಕಟ್ಟುವ ಮೊದಲು ನನ್ನ ಕೈಗೆ ಒಂದು ಹಿಡಿ ಕೊಟ್ಟು, ಹಿಸುಕಿ ನೋಡ್ರಿ ಎಂದಳು. ಬಿಡಿಬಿಡಿಯಾಗಿ ಬಿತ್ತು.

"ಅವರು ನನ್ನ ಕರೀಲಿಲ್ಲಂದ್ರ?" ಎಂದು ಅವಳೇ ಎತ್ತಿದಳು.

"ಎರಡು ವರ್ಷ ನೋಡ್ತೀನಿ. ಇಲ್ಲಂದ್ರ ಕಾರ್ಡು ಅವರ ಕೈಗೆ ಕೊಟ್ಟು ಬರ್ತೀನಿ."

"ಖರೇ?"

"ಖರೇ."

ನನಗೇ ಆಶ್ಚರ್ಯವಾಯಿತು. ಬಾಯಿಂದ ಹೊರಬಿದ್ದ ಮೇಲೆ ಯೋಚಿಸಿದೆ. ಯೋಚಿಸಿದ ಮೇಲೂ ಅದೇ ಉತ್ತರ.

ಮಾರ್ಚ್ 7, ಶನಿವಾರ. ಟೊರೊಂಟೊ ವಿಮಾನ ನಿಲ್ದಾಣ

ವಿನ್ನಿಪೆಗ್‌ಗೆ ಮುಂದಿನ ವಿಮಾನಕ್ಕೆ ಹೊತ್ತಿದೆ. ಕೂತು ಬರೆಯುತ್ತಿದ್ದೇನೆ.

ಕೌಂಟರಿನಲ್ಲಿದ್ದ ಹುಡುಗ ಕಾರ್ಡು ಉಜ್ಜಿ, ಎಷ್ಟು ದಿನ ಹೊರಗಿದ್ದೆ ಎಂದು ಕೇಳಿದ. ಮೂರು ವರ್ಷಕ್ಕೆ ಮೂರು ದಿನ ಕಡಿಮೆ ಎಂದೆ. ಹುಬ್ಬು ಏರಿಸಿದ. ಮದುವೆಯಾಗಿದೆಯೇ? ಆಗಿದೆ. ಯಾವಾಗ? ಅತೀಕನ ಮಾತು ಕಿವಿಯಲ್ಲೇ ಇತ್ತು. 2017, ಡಿಸೆಂಬರ್ 17 ಎಂದೆ. ಅವನು ಪರದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. ಪಾಸ್‌ಪೋರ್ಟು ಇಟ್ಟುಕೊಂಡು ಒಳಗಿನ ಕೋಣೆಗೆ ಕಳಿಸಿದ.

ಒಂದೂವರೆ ತಾಸು ಕೂರಿಸಿದರು. ಅಂಗಿ ಬೆನ್ನಿಗೆ ಅಂಟಿತು. ಒಳಗೆ ನಡುವಯಸ್ಸಿನ ಅಧಿಕಾರಿಣಿ. ವಕೀಲಬಾಯಿ ಮಾಡಿಕೊಟ್ಟ ಕಡತ, ಮಾಸ್ತರರ ಪುಟ, ಅಮ್ಮನ ಹೆಬ್ಬೆಟ್ಟು ಎಲ್ಲ ಮುಂದಿಟ್ಟೆ. ಅವರು ಓದುತ್ತ ಹೋದರು. ತಲೆ ಎತ್ತದೆ ಕೇಳಿದರು, ಮಕ್ಕಳೆಷ್ಟು?

ಇಬ್ಬರು ಎಂದೆ.

ಎಲ್ಲಿದ್ದಾರೆ?

ಮಗಳು ವಿಜಯಪುರದಲ್ಲಿ, ಮಗ ತಿಕೋಟಾದಲ್ಲಿ.

ಆಗ ತಲೆ ಎತ್ತಿದರು. ನನ್ನ ಮುಖ ನೋಡಿ ಹಾಳೆ ತಿರುಗಿಸಿದರು. ವಹಿಯ ಫೋಟೋ ಬಂತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೂವರೆ ದಿನ ಎಂದು ಬರೆದಿತ್ತು. ನಿಮ್ಮ ದಿನಗಳು ಸರಿ ಇವೆ, ಇಂದು ಒಳಗೆ ಬರಬಹುದು, ಮದುವೆಯ ವಿಷಯ ಕಡತದಲ್ಲಿ ಬರೆಯುತ್ತೇನೆ, ಪತ್ರ ಬರುತ್ತದೆ, ಏನು ಬರುತ್ತದೆ ಎಂದು ನಾನು ಹೇಳಲಾರೆ ಎಂದರು. ಪಾಸ್‌ಪೋರ್ಟು ಕೊಟ್ಟರು.

ಹೊರಗೆ ಬಂದು ಜೀನತಳಿಗೆ ಫೋನ್ ಹಚ್ಚಿದೆ. ಅಲ್ಲಿ ಬೆಳಗಿನ ಜಾವ, ರೋಜಾ ಹಿಡಿಯುವ ಮುಂಚಿನ ಸಹರಿ ಊಟದ ಹೊತ್ತು, ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಒಳಗ ಬಿಟ್ರೇನ್ರಿ?"

"ಬಿಟ್ರು. ನಿನ್ನ ವಿಷಯ ಇನ್ನ ನೋಡ್ತಾರಂತ."

"ಏನೇನ ಕೇಳಿದ್ರು?"

"ಮಕ್ಕಳೆಷ್ಟು ಅಂತ ಕೇಳಿದ್ರು."

"ಏನಂದ್ರಿ?"

"ಇಬ್ರು ಅಂದೆ."

ಪಾತ್ರೆಯ ಸದ್ದು ನಿಂತಿತು. ಅಮ್ಮ ಹಿಂದಿನಿಂದ ಏನೋ ಕೇಳುತ್ತಿದ್ದಳು. ಜೀನತ ಮೂಗು ಒರೆಸಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು:

"ಅಲ್ಲಿ ಥಂಡಿ ಎಷ್ಟೈತ್ರಿ?"

ಗಾಜಿನ ಆಚೆ ನೋಡಿ ಹೇಳಲು ಶುರುಮಾಡಿದೆ. ಅವರ ಸಹರಿ ಮುಗಿಯುವ ತನಕ ನಾನು ಫೋನ್ ಇಡಲಿಲ್ಲ.